ಹನುಮವ್ವ ಲಾರಿಮರ್ ಅವರ ಉಡಿ

ಕಳೆದ ವರ್ಷ ಶ್ರಾವಣದ ಎರಡನೇ ಮಂಗಳವಾರ, ತಳಕಲ್‌ನ ಹನುಮವ್ವ ಲಾರಿಮರ್ ಅವರು ತಮ್ಮ ಮನೆತನದ ಜಾತಿ ವಿಚಾರಣೆಗೆ ಬಂದಿದ್ದ ಅಧಿಕಾರಿಯ ತೊಡೆಯ ಮೇಲೆ ಒಂದು ಎಳೆಗೂಸನ್ನು ಮಲಗಿಸಿದರು. ಕೂಸು ಪಕ್ಕದ ಮನೆಯದು. ಅಧಿಕಾರಿಯ ಕೈಯಲ್ಲಿ ಪೆನ್ನಿತ್ತು. ಅದನ್ನು ಎಲ್ಲಿಡಬೇಕೆಂದು ತೋಚದೆ ಅವರು ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ಕೈಯಿಂದ ಕೂಸನ್ನು ಹಿಡಿದುಕೊಂಡರು.

ನಾನು ಕೊಪ್ಪಳದಲ್ಲಿ ಪತ್ರಿಕೆಯೊಂದರ ವರದಿಗಾರ. ಆ ಹೊತ್ತಿಗೆ ಹನುಮವ್ವನವರನ್ನು ಬಲ್ಲವನಾಗಿ ಹಲವು ವರ್ಷಗಳಾಗಿದ್ದವು. ಅವರ ಬಗ್ಗೆ ಒಂದು ಸಾಲನ್ನೂ ಅಚ್ಚು ಮಾಡಿರಲಿಲ್ಲ.

ಮೊದಲ ಭೇಟಿ ತಳಕಲ್‌ನ ರಸ್ತೆ ಬದಿಯಲ್ಲಿ. ಈ ಕಡೆಯ ಒಣಬೇಸಾಯದ ಊರುಗಳಿಂದ ಹೆಣ್ಣುಮಕ್ಕಳು ಭತ್ತ ನಾಟಿಗೆಂದು ಟೆಂಪೋ ಹತ್ತಿ ನೀರಾವರಿಯ ಕಾರಟಗಿ ಕಡೆ ಹೋಗುತ್ತಾರೆ. ಅದರ ಮೇಲೊಂದು ವರದಿ ಬೇಕಾಗಿತ್ತು. ಸಾಲಾಗಿ ಕುಳಿತಿದ್ದವರ ಹೆಸರು ಕೇಳುತ್ತ ಬಂದೆ. ಎಲ್ಲರಿಗಿಂತ ಹಿರಿಯರು ಇವರೇ. ಕಾಲು ಚಾಚಿ, ಮಂಡಿ ಒತ್ತಿಕೊಳ್ಳುತ್ತ ಕುಳಿತಿದ್ದರು.

"ಹನುಮವ್ವ ಲಾರಿಮರ್."

ನನ್ನ ಪೆನ್ನು ನಿಂತಿತು.

"ಬರಕೋ ಬರಕೋ. ಎಲ್ಲಾರೂ ಇಲ್ಲೇ ನಿಂದರ್ತಾರ" ಎಂದರು. ಪಕ್ಕದವರು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು.

ನಮ್ಮ ಕಡೆ ಅಡ್ಡಹೆಸರಿಗೆ ಯಾರೂ ಬೆರಗಾಗುವುದಿಲ್ಲ. ಉಳ್ಳಾಗಡ್ಡಿ ಎನ್ನುವ ಮನೆತನವಿದೆ, ಮೆಣಸಿನಕಾಯಿ ಎನ್ನುವ ಮನೆತನವಿದೆ. ಬಿಟ್ಟು ಬಂದ ಊರು, ಮಾಡುವ ಕಸುಬು, ಮುತ್ತಜ್ಜನ ಕುಂಟುಗಾಲು, ಯಾವುದಾದರೂ ಹೆಸರಾಗಿ ನಿಲ್ಲುತ್ತದೆ. ಆದರೆ ದೇವರ ಜಗಲಿಯ ಮೇಲೆ ದುರುಗವ್ವನನ್ನು ಕೂರಿಸಿಕೊಂಡ ಕೇರಿಯ ಮನೆಯೊಂದಕ್ಕೆ ಇಂಗ್ಲಿಷರ ಹೆಸರು ಇದ್ದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅದೇ ದಿನ ಟೆಂಪೋದ ಹಿಂದೆಯೇ ಗದ್ದೆಯವರೆಗೂ ಹೋಗಿದ್ದೆ. ಕೂಲಿ ಹಂಚುವ ಮೇಸ್ತ್ರಿ ತೆಲುಗು ಸೀಮೆಯಿಂದ ಬಂದು ನೆಲೆಸಿದವನು. ಹೆಸರು ಕೂಗುವಾಗ ಇವರ ಹತ್ತಿರ ಬಂದು ನಿಂತ.

"ಏನಮ್ಮಾ, ಲಾರಿಮರ್ ಅಂಟೇ ನಿಮ್ಮನ್ಯಾಗ ಲಾರಿ ಉಂದಾ?"

"ಲಾರಿ ಇದ್ದಿದ್ರ ನಿನ್ನ ಕೆಸರಾಗ ಯಾಕ ಬಗ್ಗತಿದ್ದೆ? ನಿನ್ನ ಟೆಂಪೋ ತೊಗೊಂಡು ನಿನ್ನನ್ನ ಡ್ರೈವರ್ ಇಟಗೊತಿದ್ದೆ."

ಇದು ಪ್ರತಿ ನಾಟಿಯ ಮೊದಲ ದಿನ ನಡೆಯುವ ಮಾತಂತೆ. ಇಬ್ಬರಿಗೂ ಬಾಯಿಪಾಠವಾಗಿತ್ತು. ಮಾತು ಮುಗಿದ ಮೇಲೆ ಸೀರೆ ಮೇಲಕ್ಕೆ ಸಿಕ್ಕಿಸಿ ಕೆಸರಿಗೆ ಇಳಿದರು. ಇಳಿಯುವಾಗ ಅಂದದ್ದು ಒಂದೇ ಪದ: "ಸಾಕಾಗೇತಿ."

ಆ ಪದ ಅವರ ನಮಸ್ಕಾರವೂ ಆಗಿತ್ತು, ವಿದಾಯವೂ ಆಗಿತ್ತು. ಮನೆಗೆ ಹೋದರೆ, "ಸಾಕಾಗೇತಿ ನೋಡಪ್ಪ, ಬಾ, ಕುಂದ್ರು" ಎನ್ನುವರು. ಹೊರಟರೆ, "ಸಾಕಾಗೇತಿ, ಹೋಗಿ ಬಾ." ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಯಲ್ಲಪ್ಪ ಗಾರೆ ಕೆಲಸದವನು. ಸೊಸೆ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಮೊಮ್ಮಗಳು ರೇಣುಕಾ ಆಗ ನರ್ಸಿಂಗ್ ಓದುತ್ತಿದ್ದಳು. ಹನುಮವ್ವ ಮಾತ್ರ ವಯಸ್ಸು ಎಪ್ಪತ್ತು ದಾಟಿದ ಮೇಲೂ ನಾಟಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಎಪ್ಪತ್ತು ದಾಟಿ ಎಷ್ಟಾಗಿದೆ ಎಂದು ಕೇಳಿದರೆ, "ನನಗ ಗೊತ್ತಿದ್ರ ಹೇಳತಿದ್ದಿಲ್ಲನು?" ಎನ್ನುವರು.

ಹೆಸರಿನ ಕಥೆಯನ್ನು ಅವರು ಹೇಳಿದ್ದು ಎರಡನೇ ಅಥವಾ ಮೂರನೇ ಭೇಟಿಯಲ್ಲಿ. ಹೇಳುವಾಗ ಬಾಗಿಲ ಹೊಸ್ತಿಲಿಗೆ ಒರಗಿ, ಮಡಿಲ ಸೀರೆಯನ್ನು ಮತ್ತೆ ಮತ್ತೆ ಕೈಯಿಂದ ಸವರಿ ಸಪಾಟು ಮಾಡುತ್ತಿದ್ದರು. ಅದು ಅವರ ಅಭ್ಯಾಸ. ಯಾವಾಗಲೂ ಉಡಿಯನ್ನು ಜಾಡಿಸಿ ಖಾಲಿ ಇಟ್ಟುಕೊಳ್ಳುವರು.

"ಇಲ್ಲಿ ರೈಲ್ವೆ ಹಳಿ ಹಾಕುವಾಗಿನ ಮಾತು. ನನ್ನ ಗಂಡನ ಮುತ್ತ್ಯಾನ ಅವ್ವ ಹುಲಿಗೆವ್ವ, ಮಣ್ಣಿನ ಬುಟ್ಟಿ ಹೊರಾಕ ಹೋಗತಿದ್ಲು. ಆಕಿಗೆ ಹುಟ್ಟಿದ್ದು ಒಂದೂ ಉಳೀಲಿಲ್ಲ. ಹಂಗ ಆದಾಗ ಏನ ಮಾಡ್ತಾರ? ಹುಟ್ಟಿದ ಕೂಸನ್ನ ಬ್ಯಾರೆದವ್ರ ಉಡಿಯಾಗ ಹಾಕ್ತಾರ. ಇದು ನಿಂದು ಅಂತಾರ. ಆಮ್ಯಾಲೆ ಒಂದು ಮೊರ ತೌಡು ಕೊಟ್ಟು ವಾಪಸ್ ಕೊಂಡಕೊಂತಾರ. ತೌಡಿಗೆ ಬಂದ ಕೂಸು. ಅಂಥಾದ್ರ ಮ್ಯಾಲ ಸಾವಿಗೆ ಆಸೆ ಹುಟ್ಟೂದಿಲ್ಲ. ಹುಲಿಗೆವ್ವ ತನ್ನ ಕೂಸನ್ನ ಹಳಿ ಕೆಲಸದ ಲಾರಿಮರ್ ಸಾಹೇಬನ ಉಡಿಯಾಗ ಹಾಕಿದ್ಲು."

ನಾನು ಕೇಳಿದೆ, "ಸಾಹೇಬನ ಉಡಿಯಾಗ ಯಾಕ ಹಾಕಿದ್ರು? ಊರಾಗ ಯಾರೂ ಇರ್ಲಿಲ್ಲೇನು?"

ಅವರು ಸೀರೆ ಸವರುವುದನ್ನು ನಿಲ್ಲಿಸಿದರು.

"ಎಲ್ಲಾರೂ ತಮಗಿಂತ ಕೆಳಗಿನವ್ರ ಉಡಿಯಾಗ ಹಾಕ್ತಾರಪ್ಪ. ನಮ್ಮ ಕೆಳಗ ಯಾರ ಅದಾರ? ಅದಕ್ಕ ಜಾತಿನ ಇಲ್ಲದಾಂವನ್ನ ಹುಡುಕಿದ್ರು."

ಹಳಿಯ ಕೆಲಸ ನೋಡಿಕೊಳ್ಳುತ್ತಿದ್ದ ಬಿಳಿಯ ಸಾಹೇಬ ಡೇರೆಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದನಂತೆ. ಹುಲಿಗೆವ್ವ ಕೂಸನ್ನು ಅವನ ತೊಡೆಯ ಮೇಲಿಟ್ಟು ಕೈ ಮುಗಿದಳು. ಜೊತೆಗಿದ್ದ ಜವಾನ ವಿಷಯ ತಿಳಿಸಿ ಹೇಳಿದ. ಸಾಹೇಬ ನಗಲಿಲ್ಲ, ಬೈಯಲೂ ಇಲ್ಲ. ತೌಡು ತೆಗೆದುಕೊಂಡು ಕೂಸನ್ನು ಹಿಂದಕ್ಕೆ ಕೊಟ್ಟ. ತೌಡನ್ನು ತನ್ನ ಕುದುರೆಗೆ ಹಾಕಿದ. ಉಡಿ ಕೊಟ್ಟವರ ಹೆಸರು ಕೂಸಿಗೆ ಇಡುವುದು ಪದ್ಧತಿ. ಫಕೀರನಿಗೆ ಕೊಟ್ಟು ಕೊಂಡ ಕೂಸು ಫಕೀರಪ್ಪನಾಗುತ್ತದೆ. ಈ ಕೂಸು ಲಾರಿಮರಪ್ಪನಾಯಿತು. ಲಾರಿಮರಪ್ಪ ಮುಪ್ಪಾಗುವವರೆಗೆ ಬದುಕಿದ. ಅವನ ಮಕ್ಕಳಿಗೆ ಅದೇ ಅಡ್ಡಹೆಸರಾಯಿತು.

ಅಷ್ಟಕ್ಕೇ ನಿಲ್ಲಲಿಲ್ಲ. ಕೂಸು ಉಳಿದದ್ದನ್ನು ನೋಡಿ, ಕೂಸು ನಿಲ್ಲದ ಮನೆಯವರು ಈ ಮನೆಗೆ ಬರತೊಡಗಿದರು. ಈ ಮನೆಯ ಹಿರಿಯ ಸೊಸೆ ಉಡಿ ಒಡ್ಡುವುದು, ಒಂದು ಮೊರ ತೌಡು ತೆಗೆದುಕೊಂಡು ಕೂಸನ್ನು ಹಿಂತಿರುಗಿಸುವುದು ನಡೆದುಕೊಂಡು ಬಂತು. ಹನುಮವ್ವ ಮದುವೆಯಾಗಿ ಬಂದ ಮರುವರ್ಷದಿಂದ ಆ ಕೆಲಸ ಅವರಿಗೆ ಬಿತ್ತು. ಕೇರಿಯವರು ಬಂದರು. ಕೇರಿಯ ಹೊರಗಿನವರೂ, ಹಿತ್ತಲ ಬಾಗಿಲಿನಿಂದ, ಬಂದರು.

"ಊರ ಒಳಗಿನವ್ರೂ ಬಂದಾರೇನು?"

"ಬಂದಾರ."

"ಯಾರು?"

"ಅದನ್ನ ಉಡಿ ಕೊಟ್ಟಾಕಿ ಬಾಯಿ ಬಿಡಬಾರದು. ನಾ ಹೆಸರು ಹೇಳಿದ್ರ ಕೊಂಡದ್ದು ಮುರೀತೈತಿ. ಸಾವು ತಿರುಗಿ ಬಂದು ಅಂವನ್ನ ಹುಡುಕತೈತಿ." ಇದನ್ನು ಅವರು ಬಸ್ಸಿನ ಹೊತ್ತು ಹೇಳುವ ದನಿಯಲ್ಲಿ ಹೇಳಿದರು. "ಕೂಸಿನ ಮನಿಯವ್ರು ಹೇಳಬಹುದು, ಕೂಸು ದೊಡ್ಡದಾಗಿ ತಾನ ಹೇಳಬಹುದು. ನಾ ಅಲ್ಲ."

ಕೇರಿಯ ಹುಡುಗರು ತಾವೇ ಹೇಳಿಕೊಳ್ಳುತ್ತಿದ್ದರು. ಚಹಾದಂಗಡಿಯಲ್ಲಿ ಒಬ್ಬ, "ನಾ ತೌಡಿಗೆ ಬಂದಾಂವರಿ, ನನಗೇನು ಬೆಲೆ ಐತಿ" ಎಂದು ಹಲ್ಲು ಕಿರಿದದ್ದನ್ನು ನಾನೇ ಕೇಳಿದ್ದೇನೆ. ಊರೊಳಗಿನವರು ಯಾರೂ ಹೇಳಿಕೊಂಡದ್ದನ್ನು ಕೇಳಲಿಲ್ಲ.

ಕಥೆಯನ್ನು ನಾನು ಬರೆಯಲಿಲ್ಲ. ಆ ಹಳಿಯ ಕೆಲಸದಲ್ಲಿ ಲಾರಿಮರ್ ಎಂಬ ಸಾಹೇಬ ಇದ್ದನೆಂಬುದಕ್ಕೆ ನನಗೆ ಆಧಾರ ಸಿಗಲಿಲ್ಲ. ಇರಲಿಲ್ಲ ಎಂಬುದಕ್ಕೂ ಸಿಗಲಿಲ್ಲ. ಒಂದೇ ಮನೆಯವರ ಮಾತು ಪತ್ರಿಕೆಗೆ ಸಾಲದು. ಹೆಸರಿನ ಹಿಂದುಮುಂದು ಮಾತ್ರ ಸಿಕ್ಕಿತು. ಇಂಗ್ಲಿಷರಲ್ಲೂ ಅದು ಅಪರೂಪದ ಮನೆತನದ ಹೆಸರು. ಕುದುರೆಯ ಕಡಿವಾಣ, ಕಾಲಿಡುವ ರಿಕಾಪು, ಲಗಾಮಿನ ಕಬ್ಬಿಣದ ಬಿಡಿಭಾಗಗಳನ್ನು ಮಾಡುವವರಿಗೆ ಹಿಂದಿನ ಕಾಲದಲ್ಲಿ ಆ ಹೆಸರಿತ್ತು. ಫ್ರೆಂಚ್ ಆಡುತ್ತಿದ್ದ ದೊರೆಗಳ ಜೊತೆ ಆ ಪದ ಅವರ ದೇಶಕ್ಕೆ ಬಂತು. ಅದರ ಬೇರು ಲ್ಯಾಟಿನ್ನಿನಲ್ಲಿ ತೊಗಲಿನ ಪಟ್ಟಿ ಎಂಬ ಅರ್ಥದ ಪದದಲ್ಲಿದೆ.

ಮುಂದಿನ ಸಲ ಹೋದಾಗ ಇದನ್ನು ಹನುಮವ್ವನವರಿಗೆ ಹೇಳಿದೆ.

"ಅಂದ್ರ ಸಾಹೇಬನ ಮುತ್ತ್ಯಾ ಕಬ್ಬಿಣ ಬಡೀತಿದ್ನಾ?"

"ಹೌದು ಬೇ."

"ತೊಗಲಿನ ಕೆಲಸಾನೂ?"

"ಅದೂ ಇದ್ದೀತು."

"ಮತ್ತ ಈತ ಕುರ್ಚಿ ಮ್ಯಾಲ ಹೆಂಗ ಕುಂತಿದ್ದ?"

"ಅವ್ರ ದೇಶದಾಗ ಅಂಥವ್ರ ಮಕ್ಕಳೂ ಕುರ್ಚಿ ಮ್ಯಾಲ ಕುಂದರ್ತಿದ್ರಂತ."

ಅವರು ಉಡಿ ಸವರಿಕೊಂಡರು. "ಛಲೋ ದೇಶ ಬಿಡು" ಎಂದರು. ಆಮೇಲೆ, "ಹುಲಿಗೆವ್ವ ಜಾತಿ ಇಲ್ಲದಾಂವ ಅಂತ ತಿಳದಿದ್ಲು. ಪಾಪ, ಆಕಿಗೇನು ಗೊತ್ತು" ಎಂದು ನಕ್ಕರು. ಅವರು ಪೂರ್ತಿ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ರೇಣುಕಾ ಓದು ಮುಗಿಸಿ ಸರ್ಕಾರಿ ಆಸ್ಪತ್ರೆಯ ಶುಶ್ರೂಷಕಿ ಹುದ್ದೆಗೆ ಪರಿಶಿಷ್ಟ ಜಾತಿಯ ಮೀಸಲಾತಿಯಲ್ಲಿ ಆಯ್ಕೆಯಾದಳು. ಕೆಲಸಕ್ಕೆ ಸೇರುವ ಮೊದಲು ಜಾತಿಯ ಸಿಂಧುತ್ವ ಪ್ರಮಾಣಪತ್ರ ಆಗಬೇಕು. ಅಷ್ಟರಲ್ಲಿ ಯಾರೋ ಮೂಗರ್ಜಿ ಹಾಕಿದರು. ಈ ಮನೆತನದ ಹೆಸರು ಇಂಗ್ಲಿಷರದು, ಇವರು ಕ್ರೈಸ್ತರಾದವರು, ಮೀಸಲಾತಿಗೆ ಅರ್ಹರಲ್ಲ ಎಂಬುದು ಅದರ ಸಾರ. ಕ್ರೈಸ್ತರಾದವರಿಗೆ ಆ ಮೀಸಲಾತಿ ಇಲ್ಲದ್ದರಿಂದ ಕಡತ ನಿಂತಿತು. ಸ್ಥಳ ವಿಚಾರಣೆಗೆ ಆದೇಶವಾಯಿತು.

ರೇಣುಕಾ ಫೋನ್ ಮಾಡಿ, "ಸರ್, ಆಯಿ ನಿಮ್ಮನ್ನ ಬಾ ಅಂದಾಳ. ಬರಿಯಾಕಲ್ಲಂತ, ಕುಂದ್ರಾಕಂತ" ಎಂದಳು. ಹೋದೆ.

ಅಧಿಕಾರಿ ಬೆಟಗೇರಿ ಎಂಬವರು. ಹೊಸಬರು, ಸೌಮ್ಯರು. ಹನುಮವ್ವನವರ ಮನೆಯ ಮುಂದೆ ಬೇವಿನ ಮರದಡಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಕೇರಿಯವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಸಂಬಂಧಿಕರೇ ಆದ್ದರಿಂದ, ಪಂಚರಾಗಿ ಊರೊಳಗಿನ ಇಬ್ಬರನ್ನು ಕರೆಸಿದ್ದರು. ಅವರಲ್ಲಿ ಒಬ್ಬರು ಬಸನಗೌಡರು. ಐವತ್ತು ದಾಟಿದವರು, ಜಮೀನಿದ್ದವರು, ಊರಿನ ಮಾತಿಗೆ ಕೊನೆಯ ಮಾತು ಹೇಳುವವರು. ಕುರ್ಚಿ ಕೊಟ್ಟರೂ ಕೂರದೆ ಮರಕ್ಕೆ ಕೈಕೊಟ್ಟು ನಿಂತಿದ್ದರು.

ಅಧಿಕಾರಿ ಮನೆಯೊಳಗೆ ಇಣುಕಿ ದೇವರ ಜಗಲಿ ನೋಡಿದರು, ಬರೆದುಕೊಂಡರು. ಮದುವೆ ಹೇಗೆ ಮಾಡುತ್ತೀರಿ, ಮಣ್ಣು ಹೇಗೆ ಮಾಡುತ್ತೀರಿ ಎಂದು ಕೇಳಿದರು. ಯಲ್ಲಪ್ಪ ಉತ್ತರ ಕೊಟ್ಟ. ಆಮೇಲೆ ಹೆಸರಿಗೆ ಬಂದರು.

"ಅಜ್ಜಿ, ಈ ಹೆಸರು ಎಲ್ಲಿಂದ ಬಂತು?"

ಹನುಮವ್ವ ಹೇಳಿದರು. ಪೂರ್ತಿ ಹೇಳಿದರು. ಅಧಿಕಾರಿ ಪೆನ್ನು ಎತ್ತಿದರು.

"ಕಥಿ ಛಲೋ ಐತಿ. ಆದ್ರ ಸಾಹೇಬನ ಹೆಸರು ಇಟಗೊಂಡವ್ರು ಸಾಹೇಬನ ಮತಕ್ಕ ಹೋಗಲಿಲ್ಲ ಅಂತ ನಾ ಹೆಂಗ ಬರೀಲಿ? ಇಲ್ಲಾ, ಮತ್ತೇನರ ಸಂಬಂಧ..." ಮಾತು ಅಲ್ಲಿಗೇ ಬಿಟ್ಟರು. ಆ ಬಿಟ್ಟ ಮಾತು ಕೇರಿಯಲ್ಲಿ ಎಲ್ಲರಿಗೂ ತಿಳಿಯಿತು.

ಹನುಮವ್ವ ಮಂಡಿ ಹಿಡಿದುಕೊಂಡು ಎದ್ದರು. ಪಕ್ಕದ ಮನೆಯ ಬಾಗಿಲಲ್ಲಿ ಬಾಣಂತಿ ಮಂಜವ್ವ ಕೂಸು ಎತ್ತಿಕೊಂಡು ನಿಂತಿದ್ದಳು. ಅವಳ ಹಿಂದಿನದು ಉಳಿದಿರಲಿಲ್ಲ. ಹನುಮವ್ವ ಕೈಚಾಚಿದರು. ಅವಳು ಏನೂ ಕೇಳದೆ ಕೊಟ್ಟಳು. ಕೂಸನ್ನು ತಂದು ಅಧಿಕಾರಿಯ ತೊಡೆಯ ಮೇಲೆ ಇಟ್ಟರು.

"ಇದು ನಿಮ್ಮದು ಸಾಹೇಬ್ರ."

"ಏ ಅಜ್ಜಿ, ಏನಿದು?"

"ಅಲ್ಲಾಡಬ್ಯಾಡ್ರಿ, ಕುತ್ತಿಗಿ ನಿಂತಿಲ್ಲ ಅದ್ರದು. ಮಂಜವ್ವಾ, ತೌಡು ತಾ."

ಮಂಜವ್ವ ಒಳಗೋಡಿ ಎಮ್ಮೆಗೆಂದಿಟ್ಟ ತೌಡನ್ನು ಮೊರದಲ್ಲಿ ತಂದಳು. ಅಧಿಕಾರಿಯ ಕಾಲ ಬಳಿ ಇಟ್ಟು ಕೂಸನ್ನು ಎತ್ತಿಕೊಂಡಳು. ಅವಳ ಮುಖದಲ್ಲಿ ನಾಟಕ ಆಡುವವರ ಗೆಲುವು ಇರಲಿಲ್ಲ. ಅವಳಿಗೆ ಅದು ನಿಜವಾದ ವ್ಯವಹಾರವೇ ಆಗಿತ್ತು.

"ಇಷ್ಟ ನಡದದ್ದು ನಮ್ಮನ್ಯಾಗ" ಎಂದರು ಹನುಮವ್ವ. "ಈಗ ಈ ಕೂಸಿಗೆ ನಿಮ್ಮ ಹೆಸರು ಇಡ್ತಾರ. ಇದು ನಿಮ್ಮ ಜಾತಿದ ಆತೇನ್ರಿ?"

ಅಧಿಕಾರಿಯ ಪ್ಯಾಂಟಿನ ಮೇಲೆ ಒದ್ದೆಯಾಗಿತ್ತು. ಅವರು ಕರವಸ್ತ್ರ ತೆಗೆದರು, ಒರೆಸಿಕೊಂಡರು, ಮತ್ತೆ ಪೆನ್ನು ಹಿಡಿದರು.

"ಇಲ್ಲ" ಎಂದರು ಕೊನೆಗೆ. "ಆಗೂದಿಲ್ಲ. ಆದ್ರ ಅಜ್ಜಿ, ಇದು ನಾ ನೋಡಿದ್ದು. ಹಿಂದ ನಡದದ್ದಕ್ಕ ಸಾಕ್ಷಿ ಬೇಕು. ನಿಮ್ಮ ಮಂದಿ ಅಲ್ಲದವ್ರು ಯಾರರ ಒಬ್ರು, ಹೌದು, ಈ ಮನ್ಯಾಗ ಹಿಂಗ ನಡೀತೈತಿ ಅಂತ ಹೇಳಬೇಕು." ಪಂಚರ ಕಡೆ ತಿರುಗಿದರು. "ನೀವು ನೋಡೀರೇನ್ರಿ?"

ಇನ್ನೊಬ್ಬರು ತಲೆಯಾಡಿಸಿ ಇಲ್ಲವೆಂದರು. ಬಸನಗೌಡರು ಮರದ ತೊಗಟೆ ನೋಡುತ್ತಿದ್ದರು.

ರೇಣುಕಾ ಮುಂದೆ ಬಂದಳು. "ಗೌಡ್ರ, ನೀವ ಹೇಳ್ರಿ."

"ರೇಣಿ, ಬಾಯಿ ಮುಚ್ಚ" ಎಂದರು ಹನುಮವ್ವ. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬಸನಗೌಡರು ಗಂಟಲು ಸರಿಮಾಡಿಕೊಂಡರು. "ಹಿರೇರು ಹಂಗ ಹೇಳೂದು ಕೇಳೇನಿ" ಎಂದರು.

"ಕೇಳೀರಿ. ನೋಡಿಲ್ಲ" ಎಂದರು ಅಧಿಕಾರಿ.

"ನೋಡಿಲ್ಲ."

ಅಧಿಕಾರಿ ಬರೆದುಕೊಂಡರು. ಪಂಚನಾಮೆ ಓದಿ ಹೇಳಿದರು, ಸಹಿ ಹಾಕಿಸಿಕೊಂಡರು. ಹನುಮವ್ವ ಹೆಬ್ಬೆಟ್ಟು ಒತ್ತಿದರು. ಅಧಿಕಾರಿ ಜೀಪಿನ ಕಡೆ ನಡೆದಾಗ ಅವರು ಹಿಂದಿನಿಂದ ಕೂಗಿದರು:

"ಸಾಹೇಬ್ರ, ತೌಡು ಒಯ್ರಿ! ಬಿಟ್ಟು ಹೋದ್ರ ಕೂಸು ನಿಮ್ಮ ಕೊರಳಿಗೆ ಬೀಳತೈತಿ!"

ಆಗ ಜನ ನಕ್ಕರು. ಡ್ರೈವರ್ ಬಂದು ತೌಡನ್ನು ಚೀಲಕ್ಕೆ ಸುರಿದುಕೊಂಡು ಜೀಪಿನ ಹಿಂದೆ ಇಟ್ಟ. ಅದನ್ನು ತನ್ನ ಮನೆಯ ಆಕಳಿಗೆ ಹಾಕಿದನೆಂದು ಆಮೇಲೆ ನನಗೆ ಹೇಳಿದ.

ವರದಿ ಹೋಯಿತು. ಮತಾಂತರದ ಕುರುಹು ಕಾಣಲಿಲ್ಲ, ಆದರೆ ಹೆಸರಿನ ಮೂಲದ ಬಗ್ಗೆ ಇರುವುದು ಕೇಳಿಕೆಯ ಮಾತು ಮಾತ್ರ, ಹೆಚ್ಚಿನ ಸಾಕ್ಷ್ಯ ಬೇಕು ಎಂದು ಅದರಲ್ಲಿತ್ತು. ಕಡತ ಅಲ್ಲೇ ಕುಳಿತಿತು. ರೇಣುಕಾ ಕೊಪ್ಪಳಕ್ಕೆ ಬರುವುದು, ಸಾಹೇಬರು ಸಭೆಗೆ ಹೋಗಿದ್ದಾರೆಂದು ಕೇಳುವುದು, ಸಂಜೆಯ ಬಸ್ಸಿಗೆ ಹಿಂದಿರುಗುವುದು ನಡೆಯಿತು. ಆಯ್ಕೆಯಾದ ಉಳಿದವರು ಕೆಲಸಕ್ಕೆ ಸೇರಿದರು. ಒಂದು ಗಡುವು ಮುಗಿದು ಇನ್ನೊಂದು ಕೊಟ್ಟರು. ಅದೂ ದಾಟಿದರೆ ಹುದ್ದೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುವುದಿತ್ತು.

ನನ್ನ ಕೊನೆಯ ಭೇಟಿ ಎಳ್ಳಮವಾಸ್ಯೆಗೆ ಮೊದಲಿನ ಚಳಿಯಲ್ಲಿ. ಹನುಮವ್ವ ಹೊರಸಿನ ಮೇಲೆ ಕೌದಿ ಹೊದ್ದು ಮಲಗಿದ್ದರು. ಆ ಸಲ ನಾಟಿಗೆ ಹೋಗಿರಲಿಲ್ಲ. ಎದೆಯಲ್ಲಿ ಕಫ ಗೊರಗೊರ ಎನ್ನುತ್ತಿತ್ತು. ರೇಣುಕಾ ಅವರಿಗೆ ಗುಳಿಗೆ ನುಂಗಿಸುತ್ತಲೇ ಜಗಳ ಆಡುತ್ತಿದ್ದಳು.

"ಒಂದ ಹೆಸರು ಆಯಿ. ಒಂದ ಹೆಸರು ಹೇಳಿದ್ರ ನನ್ನ ನೌಕರಿ ಉಳೀತೈತಿ. ಅಂವಾ ನೋಡಿದ್ರ ನಮ್ಮ ಓಣಿ ಕಡೆ ತಲಿನ ಹಾಕೂದಿಲ್ಲ. ಅಂವಗ ನೀ ಬೇಕಾಗಿಲ್ಲ, ನಿನಗ ಅಂವ ಯಾಕ ಬೇಕು?"

"ಅಂವಂದೇನು ತಪ್ಪೈತಿ? ದೊಡ್ಡ ಮನಿ. ನಾಲ್ಕ ಮಂದ್ಯಾಗ ಕುಂದ್ರಾಂವ."

"ನಾನು ನಿನ್ನ ಮೊಮ್ಮಗಳು."

"ಹೌದವ್ವ. ನಿನ್ನ ನೌಕರಿ ಹೋದ್ರ ಇನ್ನೊಂದು ಬರತೈತಿ ಅಂತ ನನಗ ಹೇಳಾಕ ಬರೂದಿಲ್ಲ, ಬರದೇನೂ ಇದ್ದೀತು. ಆದ್ರ ಅಂವನ ಜೀವ?" ಕೆಮ್ಮು ಬಂತು. ನಿಂತ ಮೇಲೆ ಹೇಳಿದರು: "ಹಾಲಗೂಸು ಇದ್ದಾಗ ನನ್ನ ಉಡಿಯಾಗ ಹಾಕ್ಯಾರ. ನಾ ಇರೂತನಕ ಅಂವ ಅಲ್ಲೇ ಅದಾನ. ನಾ ಹೋದ ಮ್ಯಾಲ ಅಂವನ ಬಾಯಿ, ಅಂವನ ಮಾತು."

ರೇಣುಕಾ ಎದ್ದು ಹೊರಗೆ ಹೋದಳು. ಹಿತ್ತಲಲ್ಲಿ ತಾಮ್ರದ ಕೊಡ ಜೋರಾಗಿ ಇಟ್ಟ ಸದ್ದು ಕೇಳಿತು. ಹನುಮವ್ವ ಕೌದಿಯೊಳಗಿನಿಂದಲೇ ಉಡಿ ಸವರಿಕೊಂಡರು. ನಾನು ಹೊರಟೆ.

"ಸಾಕಾಗೇತಿ" ಎಂದರು. ಹೋಗಿ ಬಾ ಎನ್ನುವಷ್ಟು ಉಸಿರು ಇರಲಿಲ್ಲ.

ಎಳ್ಳಮವಾಸ್ಯೆಯ ಮರುದಿನ ಬೆಳಿಗ್ಗೆ ತೀರಿಕೊಂಡರು. ಮಧ್ಯಾಹ್ನ ಮಣ್ಣು ಎಂದು ಯಲ್ಲಪ್ಪ ತಿಳಿಸಿದ. ನಾನು ತಲುಪಿದಾಗ ಹೆಣವನ್ನು ಮನೆಯ ಮುಂದೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಭಜನೆಯವರು ಬಂದಿದ್ದರು. ಹೆಣ್ಣುಮಕ್ಕಳು ಹಾಡಿ ಅಳುತ್ತಿದ್ದರು.

ಉಡಿ ಕೊಟ್ಟವಳು ಸತ್ತರೆ ಅವಳಿಂದ ಕೊಂಡ ಕೂಸುಗಳು ಕೊನೆಯದಾಗಿ ಒಂದು ಮೊರ ತೌಡು ತಂದು ಕಾಲ ಬಳಿ ಇಡಬೇಕೆಂದು ರೂಢಿಯಿದೆ. ಕೇರಿಯ ಹುಡುಗರು ಒಬ್ಬೊಬ್ಬರಾಗಿ ತಂದಿಟ್ಟರು. ಚಹಾದಂಗಡಿಯಲ್ಲಿ ನಕ್ಕವನೂ ತಂದ. ಆಮೇಲೆ ಓಣಿಯ ಬಾಯಲ್ಲಿ ಜನ ಸರಿದು ದಾರಿ ಬಿಟ್ಟರು. ಬಸನಗೌಡರು ಬರುತ್ತಿದ್ದರು. ಆಳಿನ ತಲೆಯ ಮೇಲೆ ಇರಲಿಲ್ಲ, ಮೊರ ಅವರದೇ ತಲೆಯ ಮೇಲಿತ್ತು. ಹೆಗಲ ಮೇಲಿನ ಟವೆಲನ್ನೇ ಸಿಂಬಿ ಸುತ್ತಿಕೊಂಡಿದ್ದರು. ತೌಡಿನ ಪುಡಿ ಬಿಳಿ ಅಂಗಿಯ ಮೇಲೆ ಉದುರುತ್ತಿತ್ತು. ಅವರು ಮೊರ ಇಳಿಸಿ, ಚಪ್ಪಲಿ ಬಿಟ್ಟು, ಹನುಮವ್ವನವರ ಕಾಲಿಗೆ ಹಣೆ ಹಚ್ಚಿದರು. ಹಾಡುತ್ತಿದ್ದವರು ನಿಲ್ಲಿಸಿದರು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಿಡಿದರು. ಗೌಡರು ಹೆಣದ ಹಿಂದೆ ಕುಣಿಯವರೆಗೂ ನಡೆದರು. ಕುಣಿಗೆ ಮೂರು ಹಿಡಿ ಮಣ್ಣು ಹಾಕಿ ಹಿಂದಿರುಗಿದರು. ರೇಣುಕಾ ಅವರ ಕಡೆ ನೋಡಲಿಲ್ಲ.

ಮುಂದಿನ ವಾರ ಗೌಡರು ಬೆಟಗೇರಿಯವರ ಮುಂದೆ ಹೇಳಿಕೆ ಕೊಟ್ಟರು. ಅದು ಚಿಕ್ಕದು. ಈ ಮನೆತನದವರು ಹಿಂದೂಗಳು, ಊರಿನ ದುರುಗವ್ವನಿಗೆ ನಡೆದುಕೊಳ್ಳುವವರು. ತಾನು ಹುಟ್ಟಿದಾಗ, ತನಗಿಂತ ಮೊದಲಿನ ಕೂಸುಗಳು ಉಳಿಯದ ಕಾರಣ, ತನ್ನ ತಾಯಿ ತನ್ನನ್ನು ಹನುಮವ್ವನ ಉಡಿಯಲ್ಲಿ ಹಾಕಿ ತೌಡು ಕೊಟ್ಟು ಕೊಂಡಿದ್ದಾಳೆ. ತಾಯಿ ಬದುಕಿರುವವರೆಗೆ ಮನೆಯೊಳಗೆ ತನ್ನನ್ನು ಲಾರಿಮರಪ್ಪ ಎಂದೇ ಕರೆಯುತ್ತಿದ್ದಳು.

ಸಿಂಧುತ್ವ ಪ್ರಮಾಣಪತ್ರ ಎರಡನೇ ಗಡುವು ಮುಗಿಯುವ ಮೊದಲು ಬಂತು. ರೇಣುಕಾ ಈಗ ಗಂಗಾವತಿಯಲ್ಲಿ ಕೆಲಸದಲ್ಲಿದ್ದಾಳೆ. ಬಿಳಿ ಕೋಟಿನ ಮೇಲಿನ ಪಟ್ಟಿಯಲ್ಲಿ ರೇಣುಕಾ ವೈ. ಲಾರಿಮರ್ ಎಂದಿದೆ. ಬಸನಗೌಡರು ಆರೋಗ್ಯವಾಗಿದ್ದಾರೆ. ತಳಕಲ್‌ನ ಆ ಮನೆಯಲ್ಲಿ ಹಿರಿಯ ಸೊಸೆಯ ಉಡಿಗೆ ಇಲ್ಲಿಯವರೆಗೆ ಯಾರೂ ಕೂಸು ತಂದಿಲ್ಲ.

ಮಂಜವ್ವನ ಮಗ ಗೋಡೆ ಹಿಡಿದು ನಡೆಯುತ್ತಿದ್ದಾನೆ. ಅಂಗನವಾಡಿಯಲ್ಲಿ ಅವನನ್ನು ಯಮನೂರಪ್ಪ ಬೆಟಗೇರಿ ಎಂದು ಬರೆಸಿದ್ದಾರೆ.